ಮುಚ್ಚಿದ ಮನೆಯ ಮಗ್ಗ

ಕೂಡ್ಲಿಗಿ ಬಳಿಯ ಹಳ್ಳಿಯೊಂದರಲ್ಲಿ, ಕಂಬಳಿ ನೇಯುವವನು ತೀರಿಕೊಂಡು ತಿಂಗಳಾಗಿದ್ದ ಮನೆಯೊಳಗಿಂದ ಮಟಮಟ ಮಧ್ಯಾಹ್ನ ಮಗ್ಗದ ಸದ್ದು ಬರುತ್ತಿತ್ತು. ಬಾಗಿಲು ಮುಚ್ಚಿತ್ತು.

“ಅತ್ತಾಗ ಹೋಗಬ್ಯಾಡ್ರಿ ಅಕ್ಕಾರ, ಸತ್ತವ ನೇಯಾಕತ್ತಾನ,” ಎಂದಳು ಪಕ್ಕದ ಮನೆಯ ಮುದುಕಿ.

ಊರೂರು ತಿರುಗಿ ಮಹಿಳಾ ಸಂಘ ಕಟ್ಟುತ್ತಿದ್ದ ನಾನು ಕಿಟಕಿಯಲ್ಲಿ ಇಣುಕಿದೆ. ತಲೆಯಿಂದ ಸೊಂಟದವರೆಗೆ ಕರಿ ಕಂಬಳಿ ಹೊದ್ದ ಆಕೃತಿಯೊಂದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿತ್ತು. ಅದು ನನ್ನತ್ತ ತಿರುಗಿ ಮುಸುಕು ಸರಿಸಿತು. ಸತ್ತವನ ಹೆಂಡತಿ!

“ಹೆಣ್ಮಕ್ಳು ನೂಲಬೇಕಂತ, ಮಗ್ಗಕ್ಕ ಕೂಡಬಾರದಂತ. ನೇಯದಿದ್ರ ಮಕ್ಳು ಉಣ್ಣಾದೇನ್ರಿ? ಸತ್ತ ನಮ್ಮವರ ನೇಯಾಕತ್ಯಾರಂತ ಊರು ಅಂಜಿ ಸುಮ್ನಿರ್ಲಿ ಬಿಡ್ರಿ,” ಎಂದು ಪಿಸುಗುಟ್ಟಿದಳು.

ಮುಂದಿನ ವಾರ ಸಂಘದ ಸಭೆಯಲ್ಲಿ, ಅವಳ ಹೆಸರೆತ್ತದೆ, ಗಂಡನಿಲ್ಲದವರು ಮಗ್ಗಕ್ಕೆ ಕೂರಬಾರದೇ ಎಂದು ಕೇಳಿದೆ. ಮೂಲೆಯಲ್ಲಿದ್ದ ಇನ್ನೊಬ್ಬ ವಿಧವೆ ತಲೆಯೆತ್ತದೆ ಹೇಳಿದಳು: “ನಮ್ಮ ಮನ್ಯಾಗೂ ನಮ್ಮವರ ನೇಯಾಕತ್ಯಾರ್ರಿ.”