ಮಧ್ಯೆ ಯಾರೂ ಇರಬಾರ್ದು

ಕೋಲಾರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಂಪ್ಯೂಟರ್ ಮೇಷ್ಟ್ರು ರೇಷ್ಮೆ ಬೆಳೆಗಾರರಿಗೆಂದೇ ಒಂದು ಆ್ಯಪ್ ಮಾಡಿದ್ದರು. ಅದರಲ್ಲಿ ಮೆಸೇಜು ಯಾವ ಕಂಪನಿಯ ಕೈಗೂ ಸಿಗದೆ, ಒಂದು ಫೋನಿನಿಂದ ನೇರವಾಗಿ ಇನ್ನೊಂದಕ್ಕೆ ಹೋಗುತ್ತಿತ್ತು. "ಮಧ್ಯೆ ಯಾರೂ ಇರಬಾರ್ದು" ಎನ್ನುತ್ತಾ ಎರಡು ಹೆಬ್ಬೆರಳನ್ನು ಒಂದಕ್ಕೊಂದು ತಾಗಿಸಿ ತೋರಿಸುತ್ತಿದ್ದರು. ಆದರೆ ಎರಡೂ ಫೋನು ಒಟ್ಟಿಗೆ ಆನ್ ಇರಬೇಕಿತ್ತು. ನಮ್ಮ ಕಡೆಯವರೋ, ರೇಷ್ಮೆ ಹುಳಕ್ಕೆ ಸೋಂಕು ತಗಲೀತೆಂದು ಫೋನ್ ಆಫ್ ಮಾಡಿ ಹೊರಗಿಟ್ಟೇ ಹುಳದ ಮನೆಗೆ ಕಾಲಿಡುವವರು.

ಒಂದು ಸಂಜೆ ವಕ್ಕಲೇರಿಯ ಹೆಂಗಸೊಬ್ಬರು ಮೇಷ್ಟ್ರಿಗೆ ಫೋನ್ ಮಾಡಿದರು. "ಸಾರ್, ಸೊಪ್ಪು ಮುಗೀತು, ಹುಳ ಹಸ್ಕೊಂಡವೆ. ಪಕ್ಕದೂರಿನವ್ರನ್ನ ಕೇಳೋಣ ಅಂದ್ರೆ ಮೆಸೇಜೇ ಹೋಗ್ತಿಲ್ಲ."

ಮೇಷ್ಟ್ರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆ ಪಕ್ಕದೂರಿನ ರೈತನ ಮನೆಗೇ ಹೋದರು.

"ಫೋನ್ ಆನ್ ಮಾಡಪ್ಪ."

"ಏನ್ ವಿಷ್ಯ ಸಾರ್?"

ನಾನು ಹೇಳಲು ಬಾಯಿ ತೆರೆದೆ. ಮೇಷ್ಟ್ರು ಮೊಣಕೈಯಿಂದ ತಿವಿದರು. ಫೋನು ಸದ್ದು ಮಾಡುವವರೆಗೂ ಇಬ್ಬರೂ ಅಂಗಳದಲ್ಲಿ ಸುಮ್ಮನೆ ನಿಂತೆವು. ರೈತ ಓದಿದವನೇ ಸೊಪ್ಪು ಕೊಯ್ಯಲು ತೋಟಕ್ಕೆ ಓಡಿದ.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಬಾಯಲ್ಲೇ ಹೇಳಿಬಿಟ್ಟಿದ್ರೆ ಏನಾಗ್ತಿತ್ತು ಸಾರ್?"

ಮೇಷ್ಟ್ರು ಸ್ಕೂಟರು ನಿಧಾನ ಮಾಡಿದರು. "ಅದು ಅವರಿಬ್ರ ಮಾತು ಕಣ್ರೀ. ಮಧ್ಯೆ ನಾವ್ಯಾರು?"