ನ್ಯಾಯ ಇಲ್ಲದ ಶಾಲೆ

ಗೆಳೆಯರೇ, ವಿಲಾಯತಿ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಬರೆಯುವ ಈ ಮೈಸೂರಿನವಳಿಗೆ ಇವತ್ತು ಯಲಬುರ್ಗಾ ಹತ್ತಿರದ ಹಳ್ಳಿಯಲ್ಲಿ ಕನ್ನಡವೇ ಕೈಕೊಟ್ಟಿತು. ನನ್ನ ವಿಷಯ ಶಿಕ್ಷಣದಲ್ಲಿ ಸಾಮಾಜಿಕ ನ್ಯಾಯ. ಅಲ್ಲಿನ ಶಾಲೆಗೆ ಹೋದಾಗ, ಅದಕ್ಕೆ ಜಾಗ ಕೊಟ್ಟ ಗೌಡರು ಶಾಲೆಯ ಪಡಸಾಲೆಯಲ್ಲೇ ಕೂತಿದ್ದರು. ಸೈಕ್ಲೋಸ್ಟೈಲ್ ಮಾಡಿದ ಪ್ರಶ್ನೆಪಟ್ಟಿ ತೆಗೆದು ನಯವಾಗಿ ಕೇಳಿದೆ: "ನಿಮ್ಮ ಶಾಲೆಯಲ್ಲಿ ನ್ಯಾಯ ಇದೆಯಾ?"

ಗೌಡರು ಮೀಸೆ ತಿರುವಿದರು. "ನಮ್ಮ ಸಾಲ್ಯಾಗ ನ್ಯಾಯ ಅನ್ನೂದ ಇಲ್ರಿ ಅಕ್ಕಾರ. ನಾ ಇರೂತನಕ ಬರಾಕೂ ಬಿಡಂಗಿಲ್ಲ!"

ಇಷ್ಟು ಪ್ರಾಮಾಣಿಕ ಉತ್ತರವನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಗಡಿಬಿಡಿಯಿಂದ ಬರೆದುಕೊಂಡೆ. ಪಕ್ಕದಲ್ಲಿದ್ದ ಮಾಸ್ತರರು ಪಿಸುಗುಟ್ಟಿದರು: "ನಮ್ಮ ಕಡೆ ನ್ಯಾಯ ಅಂದ್ರ ಜಗಳ ರೀ. ಗೌಡ್ರು ಜಗಳ ಇಲ್ಲ ಅಂದ್ರು, ಅಷ್ಟ."

ನಾಚಿಕೆಯಾಗಿ ಆ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದೆ. ಅಷ್ಟರಲ್ಲಿ ಮೂಲೆಯಲ್ಲಿ ಎರಡು ನೀರಿನ ಕೊಡ ಕಂಡವು. ಒಂದು ಗೌಡರ ಓಣಿಯ ಮಕ್ಕಳಿಗೆ, ಇನ್ನೊಂದು ಊರಾಚೆಯ ಕೇರಿಯ ಮಕ್ಕಳಿಗಂತೆ.

"ಎಲ್ಲರಿಗೂ ಒಂದೇ ಕೊಡ ಸಾಲದಾ?" ಎಂದೆ.

ಗೌಡರು ಗಾಬರಿಯಾದರು. "ಛೇ ಛೇ, ಒಂದ ಇಟ್ರ ನ್ಯಾಯ ಆಗತೈತ್ರಿ!"

ಪೆನ್ನಿಗೆ ಕ್ಯಾಪ್ ಹಾಕಿದೆ. ಗೌಡರ ಮೊದಲ ಮಾತು ಪ್ರಬಂಧದಲ್ಲಿ ಇದ್ದಂತೆಯೇ ಇರುತ್ತದೆ. ಅಡಿಟಿಪ್ಪಣಿಯೂ ಬೇಕಿಲ್ಲ, ಯಾವ ಅರ್ಥದಲ್ಲಿ ಓದಿದರೂ ಅದು ಸತ್ಯವೇ.