ಬಾಗಿಲೊಳಗಿನ ನೀರು

ಬೆರಳ ಗೆಣ್ಣಿನಿಂದ ಕಾರಿನ ಬಾಗಿಲನ್ನು ಒಮ್ಮೆ ಕುಟ್ಟಿದರೆ ಸಾಕು, ಅದರೊಳಗೆ ಏನಿದೆ, ಏನಿಲ್ಲ ಎಂದು ಆಕೆ ಹೇಳಿಬಿಡುತ್ತಿದ್ದಳು. ಅದಕ್ಕೇ ಬೀದಿಯವರೆಲ್ಲ ಅವಳನ್ನು ಕುಟ್ಟಕ್ಕ ಎಂದು ಕರೆಯುತ್ತಿದ್ದರು. ತಮ್ಮನ ಕಾರ್ ಸ್ಟೀರಿಯೋ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತೊಂದು ವರ್ಷಗಳಿಂದ ಅವಳಿಗೆ ಒಂದೇ ಕೆಲಸ, ಬಾಗಿಲುಗಳ ಬಾಯಿ ಮುಚ್ಚಿಸುವುದು.

ಸ್ಟೀರಿಯೋ ಮಾರುವವರು ಈ ಗುಟ್ಟನ್ನು ಗಿರಾಕಿಗೆ ಮೊದಲೇ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಟ್ಟರೆ ಅವರ ದೊಡ್ಡಸ್ತಿಕೆ ಇಳಿಯುತ್ತದಲ್ಲ! ಎಂಥ ಸ್ಪೀಕರ್ ತಂದು ಕೂರಿಸಿದರೂ ಬಾಗಿಲು ಬರೀ ತೆಳು ತಗಡು. ಹಾಡು ಶುರುವಾದರೆ ತಗಡೂ ತನ್ನದೊಂದು ರಾಗ ಎಳೆಯುತ್ತದೆ, ರಸ್ತೆಯ ಗಲಾಟೆ ಬೇರೆ ಒಳಗೆ ನುಗ್ಗುತ್ತದೆ. ಅದಕ್ಕೆ ತಗಡಿನ ಒಳಮೈಗೆ ದಪ್ಪನೆಯ ಕಪ್ಪು ಅಂಟಿನ ಹಾಳೆ ಮೆತ್ತಬೇಕು. ಹಾಳೆಯ ಬೆನ್ನಿಗೆ ಬೆಳ್ಳಿ ಬಣ್ಣದ ಹೊದಿಕೆ, ಅದರ ಮೇಲೆ ಉಬ್ಬಿದ ಗೆರೆಗಳು. ಮರದ ರೋಲರ್ ಹಿಡಿದು, ಆ ಗೆರೆಗಳು ಪೂರ್ತಿ ಚಪ್ಪಟೆಯಾಗುವ ತನಕ ಉಜ್ಜಬೇಕು. ಗೆರೆ ಉಳಿದಿದೆ ಎಂದರೆ ಅಡಿಯಲ್ಲಿ ಗಾಳಿ ಉಳಿದಿದೆ ಎಂದೇ ಲೆಕ್ಕ. ಮೊದಲು ‘ಡಣ್’ ಎನ್ನುತ್ತಿದ್ದ ಬಾಗಿಲು ಆಮೇಲೆ ‘ದಪ್’ ಎನ್ನಬೇಕು. ಎನ್ನದಿದ್ದರೆ ಕುಟ್ಟಕ್ಕ ಕಾರನ್ನು ಶೆಡ್ಡಿನಿಂದ ಆಚೆ ಬಿಡುತ್ತಿರಲಿಲ್ಲ.

ಅವಳಿಗೊಂದು ಅಭ್ಯಾಸವಿತ್ತು. ಮಳೆ ಬಂದಾಗ ಕಿಟಕಿಯ ಗಾಜಿನ ಸಂದಿಯಿಂದ ನೀರು ಬಾಗಿಲೊಳಗೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದು ಬಾಗಿಲ ತಳದಲ್ಲಿ ಮೂರು ಸಣ್ಣ ತೂತುಗಳಿರುತ್ತವೆ. ಹಾಳೆ ಮೆತ್ತುವ ಮೊದಲು ಅವಳು ಒಂದೊಂದು ತೂತಿಗೂ ಒಂದೊಂದು ಬೆಂಕಿಕಡ್ಡಿ ಸಿಕ್ಕಿಸುವಳು. ಕೆಲಸ ಮುಗಿದ ಮೇಲೆ ಕಡ್ಡಿಗಳನ್ನು ಕಿತ್ತು ಪೊಟ್ಟಣಕ್ಕೆ ಹಾಕುವಳು. ನಾಲ್ಕು ಬಾಗಿಲಿಗೆ ಹನ್ನೆರಡು ಕಡ್ಡಿ. ಹನ್ನೊಂದೇ ಸಿಕ್ಕ ದಿನ, ಬಿಗಿದಿದ್ದ ಬಾಗಿಲನ್ನೆಲ್ಲ ಮತ್ತೆ ಬಿಚ್ಚಿ, ಕೊನೆಗೆ ಆ ಕಡ್ಡಿ ತನ್ನ ಮುಡಿಯಲ್ಲೇ ಸಿಕ್ಕಾಗ ತನ್ನನ್ನೇ ಬೈದುಕೊಂಡಿದ್ದಳು.

ಅಕ್ಕ ತಮ್ಮ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಯಾರೋ ಅಂಗಡಿಯ ವಿಡಿಯೋ ಮಾಡಲು ಬಂದ ದಿನ ತಮ್ಮ, ಅವಳು ಅರ್ಧ ಮೆತ್ತಿದ್ದ ಬಾಗಿಲಿನ ಮುಂದೆ ನಿಂತು ಕೂದಲು ಬಾಚಿಕೊಂಡ. ಅವಳ ರೋಲರನ್ನು ಕೈಗೆ ತೆಗೆದುಕೊಂಡ. “ಅಕ್ಕಾ, ಸ್ವಲ್ಪ ಆಚೆ ಹೋಗು, ನೀನೂ ವಿಡಿಯೋದಲ್ಲಿ ಬೀಳ್ತಿದ್ದೀಯ,” ಎಂದ. ಅವಳು ಆಚೆ ಹೋದಳು. ಗೋಡೆಯ ಹಿಂದಿನಿಂದ ಅವನ ದನಿ ಕೇಳಿತು: “ಇದೆಲ್ಲ ನನ್ನ ಕೈಕೆಲ್ಸ. ಎತ್ತಿ ಇಡೋಕೆ ಒಬ್ಬಳು ಹೆಂಗಸು ಇದ್ದಾಳೆ.” ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದ ಅಕ್ಕ ಅಂದಿನಿಂದ ಬಾಯಿಗೆ ಬೀಗ ಹಾಕಿದಳು. ಅವನೂ ಜಗ್ಗಲಿಲ್ಲ. ಏನು ಕೆಲಸ ಎಂಬುದನ್ನು ಕಾರಿನ ಮುಂಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಶೆಡ್ಡಿಗೆ ದಬ್ಬುವನು: ‘ನಾಲ್ಕು ಬಾಗಿಲು, ಡಿಕ್ಕಿ.’ ಮುಗಿದ ಮೇಲೆ ಅವಳು ಒದ್ದೆ ಬಟ್ಟೆಯಲ್ಲಿ ಒರೆಸುವಳು. ಒರೆಸಿದ ಗಾಜೇ ಉತ್ತರ. ಇಂಥ ಮನೆತನಕ್ಕೆ ಸದ್ದಡಗಿಸುವ ಕಸುಬು ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು ನೋಡಿ!

ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮ ಅಂಗಡಿಯ ಮುಂದೆ ಕಾರು ನಿಲ್ಲಿಸಿ ದಡಾರನೆ ಇಳಿದರು. ದಿನವಿಡೀ ಹಲ್ಲು ಕೊರೆಯುವ ಯಂತ್ರದ ಕರ್ಕಶ ಕೇಳಿ, ಮನೆಗೆ ಹೋಗುವ ಮುಕ್ಕಾಲು ಗಂಟೆಯಾದರೂ ಕಿವಿಗೆ ಒಳ್ಳೆಯ ಸಂಗೀತ ಬೀಳಲಿ ಎಂದು ಮೂರು ತಿಂಗಳ ಹಿಂದೆ ಕೆಲಸ ಮಾಡಿಸಿಕೊಂಡು ಹೋಗಿದ್ದವರು.

“ಏನ್ರೀ ಇದು? ಬ್ರೇಕ್ ಹಾಕಿದಾಗೆಲ್ಲ ಬಾಗಿಲೊಳಗೆ ಗುಳುಗುಳು ಅನ್ನತ್ತೆ. ಕಾರು ಮಾಡಿಸಿದೀನೋ, ಮೀನಿನ ತೊಟ್ಟಿ ಮಾಡಿಸಿದೀನೋ?”

ಕುಟ್ಟಕ್ಕ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಪಕ್ಕದ ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನಲ್ಲೇ ಬಿಟ್ಟು ಎದ್ದು ಬಂದ. ಎದುರುಗಡೆ ಟೀ ಕುಡಿಯುತ್ತಿದ್ದವರೂ ಕಿವಿ ನೆಟ್ಟಗೆ ಮಾಡಿದರು.

ತಮ್ಮ ಹಿಂದುಮುಂದು ನೋಡಲಿಲ್ಲ. ಬೀದಿಗೆಲ್ಲ ಕೇಳುವಂತೆ ಹೇಳಿದ: “ಕ್ಷಮಿಸಿ ಡಾಕ್ಟ್ರೇ. ತೂತು ಮುಚ್ಚಿಬಿಟ್ಟಿದ್ದಾಳೆ. ವಯಸ್ಸಾಯ್ತು, ಕಣ್ಣು ಕಾಣಲ್ಲ, ಹೇಳಿದ್ರೆ ಕೇಳಲ್ಲ. ಅಕ್ಕ ಅಂತ ಇಷ್ಟು ದಿನ ಇಟ್ಕೊಂಡಿದ್ದೆ. ಮುಂದಿನ ವಾರ ಈ ಹಾಳೆ ಬದಲು ಸ್ಪ್ರೇ ಮಾಡೋ ಮಿಷನ್ ಬರ್ತಿದೆ. ಇನ್ಮೇಲೆ ಅವಳ ಕೈಗೆ ಒಂದು ಕಾರೂ ಕೊಡಲ್ಲ.”

ಕುಟ್ಟಕ್ಕನ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೊಂದು ವರ್ಷದ ಕೈಗುಣವನ್ನು ಅವನು ಒಂದು ಉಸಿರಿಗೆ ಗುಡಿಸಿ ಹಾಕಿದ್ದ. ಈ ಮಾತು ಹೀಗೇ ನಿಂತರೆ ನಾಳೆಯಿಂದ ಶೆಡ್ಡೂ ಇಲ್ಲ, ಹೆಸರೂ ಇಲ್ಲ. ಕಣ್ಣು ಕಾಣದ ಮುದುಕಿ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ. ಒಂದು ಗಳಿಗೆ ಅವಳಿಗೇ ಅನುಮಾನ ಬಂತು. ಅವತ್ತು ಕಡ್ಡಿ ಎಣಿಸಿದ್ದೆನೇ? ಎಣಿಸಿದ್ದಳು. ಅವಳು ತಮ್ಮನ ಕಡೆ ತಿರುಗಿಯೂ ನೋಡದೆ ಡಾಕ್ಟರಮ್ಮನ ಬಳಿ ಬಂದಳು.

“ಮೇಡಂ, ಬಿಚ್ತೀನಿ. ಇಲ್ಲೇ, ನಿಮ್ಮ ಕಣ್ಣೆದುರಿಗೇ. ತಪ್ಪು ನಂದಾಗಿದ್ರೆ ಇವತ್ತೇ ಎದ್ದು ಹೋಗ್ತೀನಿ.”

ಮುಂದಿನ ಎಡಬಾಗಿಲನ್ನು ತೆರೆದು ಗೆಣ್ಣಿನಿಂದ ಕುಟ್ಟುತ್ತ ಬಂದಳು. ಮೇಲೆ ದಪ್, ನಡುವೆ ದಪ್. ತಳದಲ್ಲಿ ಮಾತ್ರ ಪೊಳ್ಳು ಸದ್ದು. ಅವಳ ಹುಬ್ಬು ಗಂಟಿಕ್ಕಿತು. ಪ್ಲಾಸ್ಟಿಕ್ ಸನ್ನೆಕೋಲಿನಿಂದ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ ಬಾಗಿಲಿನ ಒಳಹಲಗೆ ಕಳಚಿದಳು. ಟಾರ್ಚ್ ಹಾಕಿದಳು. ಅವಳು ಮೆತ್ತಿದ್ದ ಹಾಳೆ ಕನ್ನಡಿಯಷ್ಟು ನುಣ್ಣಗೆ, ತಳಕ್ಕೆ ಎರಡು ಬೆರಳಿರುವಾಗಲೇ ನಿಂತಿತ್ತು. ಅದರ ಕೆಳಗೆ, ಅವಳು ಎಂದೂ ಕಾಣದ ಇನ್ನೊಂದು ಪಟ್ಟಿ ತೂತುಗಳನ್ನೆಲ್ಲ ನುಂಗಿ ಅಡ್ಡಡ್ಡ ಮಲಗಿತ್ತು. ಅದರ ಗೆರೆಗಳು ಹಾಗೇ ಉಬ್ಬಿಕೊಂಡಿದ್ದವು. ರೋಲರ್ ಸೋಕಿರಲಿಲ್ಲ, ಹೆಬ್ಬೆರಳಿನಿಂದ ಒತ್ತಿದ ಗುಳಿಗಳು ಸಾಲಾಗಿ ಕಾಣುತ್ತಿದ್ದವು. ಅದರ ಮೇಲೆ ಕೆಂಪಗೆ ತುಕ್ಕುನೀರು ನಿಂತಿತ್ತು.

“ಮೇಡಂ, ನನ್ನ ಕೆಲಸ ಆದ್ಮೇಲೆ ಕಾರು ಮತ್ತೆ ಇಲ್ಲಿಗೆ ಬಂದಿತ್ತಾ?”

“ಬಂದಿತ್ತಲ್ಲ! ಹೋದ ತಿಂಗಳು. ಕೆಳಗಡೆ ಸ್ವಲ್ಪ ಗುಂಯ್ ಅಂತಿತ್ತು, ಇನ್ನೊಂದು ಪದರ ಹಾಕಿ ಅಂದೆ. ಅವತ್ತು ನೀವಿರಲಿಲ್ಲ, ರಜ ಅಂದ್ರು. ನಾನೇ ಹಾಕ್ತೀನಿ, ಎಲ್ಲ ಕಲಿಸಿದೋನೇ ನಾನು ಅಂದ್ರು ಇವರು.”

ಎಲ್ಲರೂ ತಮ್ಮನ ಮುಖ ನೋಡಿದರು. ಅವನು ಇಂಗು ತಿಂದ ಮಂಗನಂತೆ ನಿಂತಿದ್ದ. ಅವತ್ತು, ಅಕ್ಕ ರಜೆ ಮುಗಿಸಿ ಬರುವ ಮಾರನೆಯ ದಿನದವರೆಗೆ ಕಾಯಬಹುದಿತ್ತು. ಆದರೆ ಎಷ್ಟು ಪಟ್ಟಿ, ಎಲ್ಲಿಂದ ಎಲ್ಲಿಯವರೆಗೆ ಎಂದು ಅಕ್ಕನನ್ನು ಕೇಳಬೇಕಾಗುತ್ತಿತ್ತು. ಕೇಳಿದರೆ ಗೊತ್ತಿಲ್ಲದವನಾಗುತ್ತಾನೆ. ಆ ಒಂದು ಪ್ರಶ್ನೆಯನ್ನು ಗಾಜಿನ ಮೇಲೆ ಬರೆಯಲಾರದೆ ಅವನು ಇನ್ನೊಬ್ಬರ ಬಾಗಿಲನ್ನು ಕೊಳೆಸಿದ್ದ.

“ಡಾಕ್ಟ್ರೇ, ನಮ್ಮಲ್ಲಿ ಹೀಗೆ ಆಗಬಾರದಿತ್ತು…” ಎಂದು ಶುರು ಮಾಡಿದ.

“ನಮ್ಮಲ್ಲಿ ಅಲ್ಲ,” ಎಂದಳು ಕುಟ್ಟಕ್ಕ. “ನಿನ್ನಲ್ಲಿ.”

ನಾಲ್ಕು ವರ್ಷಗಳಲ್ಲಿ ಅವನಿಗೆ ಅವಳು ಆಡಿದ ಮೊದಲ ಮಾತು ಅದು.

ಡಾಕ್ಟರಮ್ಮ ಕುಟ್ಟಕ್ಕನತ್ತ ಬೆರಳು ತೋರಿಸಿ ತಮ್ಮನಿಗೆ ಹೇಳಿದರು. “ಇವರೇ ಸರಿಮಾಡಲಿ. ನೀವು ಮುಟ್ಟಕೂಡದು. ನಮ್ಮ ಕಸುಬಲ್ಲೂ ನಿಮ್ಮಂಥೋರು ಇದ್ದಾರೆ, ಹುಳುಕು ಒಳಗೇ ಬಿಟ್ಟು ಮೇಲೆ ಸಿಮೆಂಟ್ ಹಾಕ್ತಾರೆ.”

ಸಂಜೆಯ ತನಕ ಕುಟ್ಟಕ್ಕ ತಲೆ ಎತ್ತಲಿಲ್ಲ. ಪಟ್ಟಿಯನ್ನು ಕಾಯಿಸಿ ಕಿತ್ತಳು. ಬೋಗುಣಿಯಷ್ಟು ನೀರು ಸುರಿಯಿತು. ತುಕ್ಕು ಕೆರೆದು, ಬಣ್ಣ ಬಳಿದು, ಒಣಗಿಸಿ, ಕಡ್ಡಿ ಸಿಕ್ಕಿಸಿ, ಹೊಸ ಹಾಳೆ ಮೆತ್ತಿ ಉಜ್ಜಿದಳು. ಉಳಿದ ಮೂರು ಬಾಗಿಲುಗಳಲ್ಲೂ ಅದೇ ಕಥೆ. ತಮ್ಮ ಎರಡು ಸಲ ಸಹಾಯಕ್ಕೆಂದು ಬಂದು ಸುಮ್ಮನೆ ನಿಂತು ಹೋದ. ಅವಳು ಅವನ ಕೈಗೆ ಒಂದು ಸ್ಪಾನರ್ ಸಹ ಕೊಡಲಿಲ್ಲ. ಕೊನೆಗೆ ಕಡ್ಡಿಗಳನ್ನು ಕಿತ್ತು, ಕಾರಿಗೆಂದು ಮರಳಿ ಬಂದ ಡಾಕ್ಟರಮ್ಮನ ಎದುರಿಗೇ ಎಣಿಸಿ ತೋರಿಸಿದಳು. ಹನ್ನೆರಡು.

ಕೆಲಸ ಮುಗಿದ ಕಾರನ್ನು ಪರೀಕ್ಷಿಸುವುದಕ್ಕೆ ಆ ಅಂಗಡಿಯಲ್ಲಿ ಒಂದು ಕ್ರಮವಿತ್ತು. ತಮ್ಮ ಮುಂದೆ ಕುಳಿತು ಹಾಡು ಹಾಕಬೇಕು, ಅಕ್ಕ ಹಿಂದೆ ಕಣ್ಣು ಮುಚ್ಚಿ ಕೇಳಬೇಕು. ಮಾತು ಬಿಟ್ಟ ಮೇಲೂ ಇದೊಂದು ತಪ್ಪಿರಲಿಲ್ಲ. ಇಬ್ಬರೂ ಹತ್ತಿ ಬಾಗಿಲು ಹಾಕಿಕೊಂಡರು. ದಪ್. ಬೀದಿ ಅಳಿಸಿಹೋಯಿತು. ಹಾಡು ಬಂತು. ತಬಲಾದ ಒಂದೊಂದು ಪೆಟ್ಟೂ ಚೊಕ್ಕವಾಗಿ ಬಿತ್ತು, ತಗಡು ತುಟಿ ಎರಡು ಮಾಡಲಿಲ್ಲ. ಹಾಡು ಮುಗಿದಾಗ ತಮ್ಮನ ಉಸಿರು ಅವಳಿಗೆ ಕೇಳುತ್ತಿತ್ತು. ಚಿಕ್ಕವನಿದ್ದಾಗ ಬೈಸಿಕೊಂಡ ಮೇಲೆ ಹೀಗೇ ಮೂಗು ಎಳೆಯುತ್ತಿದ್ದ. ಅವಳ ಕರುಳು ಚುರ್ ಎಂದಿತು, ಆ ಕರುಳಿನ ಮೇಲೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ಅಕ್ಕಾ,” ಎಂದ ಅವನು ಸ್ಟೇರಿಂಗ್ ನೋಡುತ್ತ. “ತಪ್ಪಾಯ್ತು. ಕೆಲಸವೆಲ್ಲ ನಿಂದೇ. ಮೊದಲಿಂದ್ಲೂ ನಿಂದೇ.”

ಅವಳು ಕಣ್ಣು ತೆರೆದು ಹೊರಗೆ ನೋಡಿದಳು. ಡಾಕ್ಟರಮ್ಮ, ಪಂಕ್ಚರ್ ಅಂಗಡಿಯವನು, ಟೀ ಲೋಟ ಹಿಡಿದವರು, ಬೆಳಿಗ್ಗೆ ಕೇಳಿಸಿಕೊಂಡ ಅಷ್ಟೂ ಜನ ಮತ್ತೆ ಅಲ್ಲೇ ನೆರೆದಿದ್ದರು. ಯಾರ ಕಿವಿಗೂ ಒಂದಕ್ಷರ ಬಿದ್ದಿರಲಿಲ್ಲ. ಬೀಳದಂತೆ ಆ ಬಾಗಿಲುಗಳನ್ನು ಉಜ್ಜಿದವಳು ಅವಳೇ.

“ಗಾಜು ಇಳಿಸು,” ಎಂದಳು. “ಇಳಿಸಿ ಹೇಳು.”

ಅವನು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದ. ಗಾಜು ಅರ್ಧಕ್ಕೆ ಬಂದು ನಿಂತಿತು.

“ಪೂರ್ತಿ,” ಎಂದಳು ಕುಟ್ಟಕ್ಕ.